ಐದನೆಯ ತಟ್ಟೆ

ನಮ್ಮ ಸಹಕಾರ ಸಂಘದವರು ಮದ್ದೂರಿನ ಹೊರಗೆ, ಹೊಸ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಆರು ಮಳಿಗೆ ಕಟ್ಟಿಸಿದರು. ಐದು ಮಳಿಗೆ ಇಡ್ಲಿ, ವಡೆ, ಕಾಫಿ, ಎಳನೀರಿನವರಿಗೆ ಹೋದವು. ಆರನೆಯದನ್ನು ಕೆಂಡದ ಮೇಲೆ ಮಾಂಸ ಸುಟ್ಟು ಕೊಡುವವರಿಗೆ ಎಂದು ಇಟ್ಟರು. ಅದಕ್ಕೆ ಐದು ಅರ್ಜಿ ಬಂದವು. ಹರಾಜು ಹಾಕಿದರೆ ದುಡ್ಡಿದ್ದವನಿಗೇ ಹೋಗುತ್ತದೆ, ತಿಂದು ನೋಡಿ ಕೊಡೋಣ ಎಂದು ಅಧ್ಯಕ್ಷರು ಹೇಳಿದರು. ತಿನ್ನುವ ಕೆಲಸ ಗುಮಾಸ್ತನಾದ ನನ್ನ ಪಾಲಿಗೆ ಬಂತು. ನನ್ನ ನಾಲಿಗೆಯ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. "ಶಿವರಾಮು ಬರೆದದ್ದು ಎಲ್ಲರಿಗೂ ಓದೋಕೆ ಬರುತ್ತೆ" ಎಂದರು ಕಾರ್ಯದರ್ಶಿ ಅರುಂಧತಿ ಮೇಡಂ. ಅಷ್ಟೇ ಕಾರಣ.

ರುಚಿಗೆ ಐವತ್ತು ಅಂಕ, ಸ್ವಚ್ಛತೆಗೆ ಹತ್ತು. ಸ್ವಚ್ಛತೆಗೆ ಕಸ್ತೂರಿರಂಗ ಮೇಷ್ಟ್ರನ್ನು ಹಾಕಿದರು. ಮಂಡ್ಯದ ಸಂಜೆ ಕಾಲೇಜಿನಲ್ಲಿ ನನಗೆ ಪಾಠ ಮಾಡಿದವರು, ಈಗ ನಿವೃತ್ತರು, ಸಂಘದ ನಿರ್ದೇಶಕರು. ಅವರ ಮನೆಯಲ್ಲಿ ಈರುಳ್ಳಿಗೂ ಪ್ರವೇಶವಿಲ್ಲ. "ನೀನು ತಿನ್ನು, ನಾನು ಬಚ್ಚಲು ನೋಡ್ತೀನಿ" ಎಂದರು.

ಒಂದು ಗುರುವಾರ ಸಂಘದ ಕಾರಿನಲ್ಲಿ ಹೊರಟೆವು. ಅರ್ಜಿದಾರರಿಗೆಲ್ಲ ಮೊದಲೇ ತಿಳಿಸಿದ್ದೆವು. ಪ್ರತಿಯೊಂದು ಕಡೆ ಮೂರು ತುಂಡು ಎಂದು ನಾನೇ ನಿಯಮ ಮಾಡಿಕೊಂಡಿದ್ದೆ.

ಮೊದಲು ಮಂಡ್ಯದ ಎರಡಂತಸ್ತಿನ ಬಾರ್ಬೆಕ್ಯೂ. ಅಲ್ಲಿ ಮೇಜಿನ ನಡುವೆಯೇ ಒಲೆ. ಉದ್ದನೆಯ ಕಂಬಿಗಳಲ್ಲಿ ಕೋಳಿ, ಕುರಿ, ಕೊನೆಗೆ ಅನಾನಸನ್ನೂ ಚುಚ್ಚಿ ತಂದಿಟ್ಟರು. ಹಲ್ಲಿಲ್ಲದವರೂ ತಿನ್ನಬಹುದಾದಷ್ಟು ಮೆತ್ತಗಿತ್ತು. ಏನು ತಿಂದೆ ಎಂದು ಐದು ನಿಮಿಷದ ಮೇಲೆ ನೆನಪಾಗಲಿಲ್ಲ. ಆಮೇಲೆ ಹನಕೆರೆ. ರೈಲ್ವೆ ಸ್ಟೇಷನ್ನಿನ ಹತ್ತಿರ ಚೌಡಯ್ಯ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಕೆಂಡ ಹಾಕಿ, ಸೈಕಲ್ ಕಡ್ಡಿಗೆ ಈಲಿ, ಅಂದರೆ ಕುರಿಯ ಲಿವರ್, ಪೋಣಿಸಿ ಸುಡುತ್ತಾನೆ. ಹೊರಗೆ ಕರಕಲು, ಒಳಗೆ ರಸ. ಉಪ್ಪು ಒಂದು ಚೂರು ಜಾಸ್ತಿ.

ಮದ್ದೂರಿನಲ್ಲಿ ಎರಡು. ಒಂದು ಬಸ್ ಸ್ಟ್ಯಾಂಡ್ ಪಕ್ಕದ ಹೊಸದು, ಎಲ್ಲದರ ಮೇಲೂ ಬಿಳಿಯ ಸಾಸು. ಇನ್ನೊಂದು ಹಳೇ ರಸ್ತೆಯ ಹೆಸರುವಾಸಿ ಹೋಟೆಲು. ಬೆಂಗಳೂರಿನ ಕಾರುಗಳು ಹೆದ್ದಾರಿ ಬಿಟ್ಟು ಇಳಿದು ಬರುವುದು ಈಗ ಇದೊಂದಕ್ಕೇ. ಬೋರ್ಡಿನ ಮೇಲೆ ದೊಡ್ಡದಾಗಿ ಬಂಡೂರು ಕುರಿ ಎಂದಿದೆ. ನಮ್ಮ ಜಿಲ್ಲೆಯ ಬೋರ್ಡುಗಳ ಮೇಲಿರುವಷ್ಟು ಬಂಡೂರು ಕುರಿ ಬಂಡೂರಿನಲ್ಲಿಯೂ ಇರಲಾರವು. ಆದರೂ ಪಕ್ಕೆಲುಬು ಚೆನ್ನಾಗಿತ್ತು ಎಂಬುದನ್ನು ಹೇಳಲೇಬೇಕು. ನಲವತ್ತೆರಡು ಕೊಟ್ಟೆ.

ಐದನೆಯದು ಮಳವಳ್ಳಿ. ಬಸ್ ಸ್ಟ್ಯಾಂಡ್ ದಾಟಿ ಒಂದು ತಗಡಿನ ಚಪ್ಪರ, ಎರಡು ಬೆಂಚು. ನಡೆಸುವವರು ದೇವಿರಮ್ಮ, ಅರವತ್ತರ ಹತ್ತಿರದವರು. ಬಸ್ಸಿನ ಡ್ರೈವರುಗಳು, ಶಿವನಸಮುದ್ರದ ಪವರ್ ಹೌಸಿನವರು ಅವರ ಗಿರಾಕಿಗಳು. ಅರ್ಜಿಗಳನ್ನು ಫೈಲಿಗೆ ಹಾಕಿದವನು ನಾನೇ ಆದ್ದರಿಂದ ಅವರದನ್ನು ಓದಿದ್ದೆ. ಜಾಗದ ಮಾಲೀಕರು ಅಲ್ಲಿ ಕಾಂಪ್ಲೆಕ್ಸ್ ಕಟ್ಟುತ್ತಾರೆ, ಯುಗಾದಿಯ ಹೊಸತೊಡಕು ಮುಗಿದ ಮಾರನೆಯ ದಿನ ಖಾಲಿ ಮಾಡಬೇಕು, ಬೇರೆ ಜಾಗವಿಲ್ಲ ಎಂದು ಯಾರಿಂದಲೋ ಬರೆಸಿದ್ದರು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಂಕ ಕೊಡಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ.

ದೇವಿರಮ್ಮ ಬೆಂಚನ್ನು ಸೆರಗಿನಿಂದ ಒರೆಸಿ, ಸ್ಟೀಲ್ ತಟ್ಟೆಯಲ್ಲಿ ಕೋಳಿ ತಂದಿಟ್ಟರು. ಕಡುಗೆಂಪು ಬಣ್ಣ, ಮೇಲೆ ನಿಂಬೆಹಣ್ಣಿನ ಹೋಳು. ಕೋಳಿ ಒಣಗಿತ್ತು. ಬಣ್ಣದ ಪುಡಿಯ ಕಹಿ ಬಿಟ್ಟರೆ ಏನೂ ಇಲ್ಲ. ಮೂರನೆಯ ತುಂಡನ್ನು ನೀರು ಕುಡಿದು ನುಂಗಿದೆ. ಮೇಷ್ಟ್ರು ಕಾರಿನಲ್ಲಿ ಮೊಸರನ್ನದ ಡಬ್ಬಿ ಮುಚ್ಚುತ್ತ, "ಇಲ್ಲಿ ಸೋಪಿದೆ, ಎಂಟು" ಎಂದರು. ನಾನು ಇಪ್ಪತ್ತಮೂರು ಎಂದು ಬರೆದೆ.

ಮರುದಿನ ಹಾಳೆಯನ್ನು ಶುದ್ಧಪ್ರತಿ ಮಾಡಲು ಕೂತವನು ದೇವಿರಮ್ಮನವರ ಸಾಲಿಗೆ ಬಂದು ಪೆನ್ನು ಕೆಳಗಿಟ್ಟೆ. ಅವರದು ನಾನು ತಿಂದ ಐದನೆಯ ತಟ್ಟೆ. ಹನ್ನೆರಡು ತುಂಡು ಆಗಲೇ ಹೊಟ್ಟೆಯಲ್ಲಿದ್ದವು. ಕೋಳಿ ಕೆಟ್ಟದ್ದಾಗಿತ್ತೋ, ನನ್ನ ಹೊಟ್ಟೆ ತುಂಬಿತ್ತೋ? ಹಸಿದು ಹೋಗಿ ಅವರದನ್ನೊಂದೇ ತಿಂದು ಬರೋಣ ಎಂದುಕೊಂಡೆ. ಹಸಿದವನಿಗೆ ಎಲ್ಲವೂ ರುಚಿ, ಅದು ಉಳಿದ ನಾಲ್ವರಿಗೆ ಅನ್ಯಾಯ. ಹಾಗಾದರೆ ಮತ್ತೆ ಐದೂ ಕಡೆ, ಅದೇ ಸಾಲಿನಲ್ಲಿ, ಅಷ್ಟಷ್ಟೇ ತಿನ್ನಬೇಕು. ಆಗ ಅವರದು ಮತ್ತೆ ಐದನೆಯ ತಟ್ಟೆಯೇ ಆಗುತ್ತದೆ, ನಿಜ. ಆದರೆ ಹೊಟ್ಟೆ ತುಂಬಿದ ಮೇಲೂ ಮೊದಲಿನಷ್ಟೇ ಸಪ್ಪೆಯೋ ಇಲ್ಲವೋ ಎಂಬುದಾದರೂ ಗೊತ್ತಾಗುತ್ತದೆ. ಇದು ಸರಿಯಾದ ತರ್ಕವೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಶನಿವಾರ ನಾನು ಮಾಂಸ ಮುಟ್ಟುವುದಿಲ್ಲ. ಭಾನುವಾರ ಒಬ್ಬನೇ ಹೊರಟೆ, ಯಾರಿಗೂ ಹೇಳದೆ.

ಮಂಡ್ಯದಲ್ಲಿ ಜಾಗಕ್ಕಾಗಿ ಮುಕ್ಕಾಲು ಗಂಟೆ ಕಾದೆ. ಪ್ಯಾಸೆಂಜರ್ ರೈಲಿನಲ್ಲಿ ಹನಕೆರೆಗೆ ಬಂದು ಇಳಿದೆ. ಚೌಡಯ್ಯ ನನ್ನ ವಯಸ್ಸಿನವನೇ, ಹಳೇ ಪರಿಚಯ.

"ಏನ್ಲಾ ಶಿವರಾಮು, ಮೊನ್ನೆ ತಿಂದಿದ್ದು ಅರಗ್ಲಿಲ್ವಾ?"

"ಅರಗ್ತು ಕಣಪ್ಪ. ಮೂರು ತುಂಡು ಕೊಡು."

"ಫೇಲ್ ಮಾಡ್ಬುಟ್ಟೇನ್ಲಾ ನನ್ನ?"

"ಅದ್ನೆಲ್ಲ ಹೇಳಂಗಿಲ್ಲ."

"ಏಳ್ಬ್ಯಾಡ ಬುಡು. ತಿನ್ನಕ್ ಬಂದೋನು ಇಂಗ್ ಕೂತ್ಕತ್ತಾನಾ? ಸತ್ತೋರ್ ಮನೆಗ್ ಬಂದಂಗೆ ಕೂತಿದ್ದೀಯಲ್ಲ."

ಉಪ್ಪು ಈ ಸಲ ಸರಿಯಾಗಿತ್ತು. ಬರೆದುಕೊಂಡೆ. ಮದ್ದೂರಿಗೆ ಬಸ್ಸು ಹಿಡಿದೆ. ಬಿಳಿಯ ಸಾಸು, ಆಮೇಲೆ ಹೆಸರುವಾಸಿ ಪಕ್ಕೆಲುಬು. ಪಕ್ಕೆಲುಬಿಗೆ ಮತ್ತೆ ನಲವತ್ತೆರಡೇ ಬಂತು. ಆ ಅಂಕಿ ಬದಲಾಗದ್ದಕ್ಕೆ ನನಗೆ ಸ್ವಲ್ಪ ಧೈರ್ಯ ಬಂತು. ಮಳವಳ್ಳಿಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಹೊಟ್ಟೆಯಿಂದ ಗಂಟಲಿಗೆ ಬರುತ್ತಿದ್ದ ಮಸಾಲೆಯ ತೇಗನ್ನು ನುಂಗುತ್ತ ಹೋದೆ. ಇಳಿಯುವಾಗ ಹೊತ್ತು ಮುಳುಗುತ್ತಿತ್ತು.

ದೇವಿರಮ್ಮ ಕೆಂಡಕ್ಕೆ ಮೊರದಿಂದ ಗಾಳಿ ಹಾಕುತ್ತಿದ್ದರು.

"ಅವತ್ತು ಕಾರಲ್ಲಿ ಬಂದಿದ್ರಲ್ಲ ಸಾ, ಇವತ್ತೇನು ಬೆವ್ರ್ ಸುರಿಸ್ಕಂಡು?"

"ಬಸ್ಸಲ್ಲಿ ಬಂದೆ. ಅವತ್ತು ಕೊಟ್ಟಿದ್ದನ್ನೇ ಕೊಡಿ, ಮೂರು ತುಂಡು."

"ಅದಿಲ್ಲ."

"ಖಾಲಿಯಾಯ್ತಾ?"

"ನಾನದ್ನ ಮಾಡಾದೇ ಇಲ್ಲ. ಅವತ್ತು ನಿಮ್ಗೇ ಅಂತ ಮಾಡ್ದೆ. ಆಪೀಸ್ರು ಬತ್ತಾರೆ ಅಂದ್ರು. ಡ್ರೈವರ್‌ಗಳಿಗೆ ಕೊಡೋ ಗಟ್ಟಿ ಕೋಳಿನ ಆಪೀಸ್ರಿಗೆ ಆಕಕ್ಕಾಯ್ತದಾ? ಬಾಯ್ಲರ್ ಕೋಳಿ ತರ್ಸಿ, ಕೆಂಪು ಪುಡಿ ಬಳ್ದು, ಮದ್ದೂರೋರು ಮಾಡ್ದಂಗೆ ಮಾಡಾನ ಅಂತ ಮಾಡ್ದೆ. ಜೀವಮಾನ್ದಲ್ಲೇ ಮೊದ್ಲು ಕಣಪ್ಪ."

ನಾನು ಬೆಂಚಿನ ಮೇಲೆ ಕೂತೆ. "ನಾನು ಆಫೀಸರ್ ಅಲ್ಲ" ಎಂದೆ. "ಬರೆಯೋನು ಅಷ್ಟೇ."

"ಮೊದ್ಲೇ ಏಳ್ಬಾರ್ದಾ? ಒಂದು ಕೋಳಿ ಉಳೀತಿತ್ತು."

"ಈಗ ಡ್ರೈವರ್‌ಗಳಿಗೆ ಕೊಡೋದನ್ನೇ ಕೊಡಿ."

ಅದು ನಾಟಿ ಕೋಳಿ. ಉರಿಯಲ್ಲಿ ಚರ್ಮ ಸುಟ್ಟು, ಅರಿಶಿನ, ಉಪ್ಪು, ಜಜ್ಜಿದ ಮೆಣಸು, ಬೆಳ್ಳುಳ್ಳಿ ಮಾತ್ರ ಬಳಿದು, ಹುಣಸೆ ಕಟ್ಟಿಗೆಯ ಕೆಂಡದ ಮೇಲೆ ನಿಧಾನವಾಗಿ ತಿರುಗಿಸಿದ್ದು. ತಟ್ಟೆಯೂ ಇಲ್ಲ, ಮುತ್ತುಗದ ಎಲೆ. ಗಟ್ಟಿಯಾಗಿತ್ತು. ಒಂದೊಂದು ತುಂಡಿಗೂ ದವಡೆ ನೋಯುವಷ್ಟು ಕೆಲಸ. ತಿನ್ನುತ್ತ ತಿನ್ನುತ್ತ ಹೊಗೆಯ ವಾಸನೆ ಮೂಗಿನ ಹಿಂದೆ ಕೂತಿತು. ಎದುರು ಬೆಂಚಿನಲ್ಲಿ ಒಬ್ಬ ಡ್ರೈವರು ಮೂಳೆ ಚೀಪುತ್ತಿದ್ದ. ಮೂರು ತುಂಡು ಎಂದು ಹೇಳಿದ್ದವನು ಎಲೆ ಮಡಿಸುವಾಗ ನೋಡಿದರೆ ನಾಲ್ಕು ಮೂಳೆಗಳಿದ್ದವು. ನಾಲ್ಕನೆಯದನ್ನು ಅವರು ಯಾವಾಗ ಹಾಕಿದರೋ, ನಾನು ಯಾವಾಗ ಕೈಗೆತ್ತಿಕೊಂಡೆನೋ ತಿಳಿಯಲಿಲ್ಲ.

ವಾಪಸು ಬಸ್ಸಿನಲ್ಲಿ ಎರಡನೆಯ ಹಾಳೆಯ ಮೇಲೆ ನಲವತ್ತಾರು ಎಂದು ಬರೆದೆ. ಮಂಡ್ಯ ಬರುವಷ್ಟರಲ್ಲಿ ಅದರ ಮೇಲೂ ಅನುಮಾನ ಬಂದಿತ್ತು. ಅವರ ಅರ್ಜಿ ಓದಿದ್ದವನು ನಾನು. ಆ ನಲವತ್ತಾರರಲ್ಲಿ ಎಷ್ಟು ಕೋಳಿಯದು, ಎಷ್ಟು ಕರುಣೆಯದು?

ಮಂಗಳವಾರ ಎರಡು ಹಾಳೆಗಳನ್ನೂ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ಏರಿಸಿ ಎರಡನ್ನೂ ನೋಡಿದರು.

"ಮೊದಲನೇ ಹಾಳೆ ಬೇರೆ ಯಾರು ನೋಡಿದ್ದಾರೆ?"

"ಯಾರೂ ಇಲ್ಲ ಸಾರ್."

"ಹಾಗಾದ್ರೆ ಹರಿದು ಹಾಕಯ್ಯ. ಎರಡನೇದು ಕೊಡು. ಆಯಮ್ಮನಿಗೆ ಮಳಿಗೆ ಸಿಗುತ್ತೆ."

"ಅದು ಸರಿಯಾಗುತ್ತಾ ಸಾರ್?"

"ನೀನು ಮೊದಲ ಸಲ ನನ್ನ ಪೇಪರಿನಲ್ಲಿ ಇಪ್ಪತ್ತಮೂರೇ ತಗೊಂಡಿದ್ದೆ, ನೆನಪಿದೆಯಾ? ಆಮೇಲೆ ಸಪ್ಲಿಮೆಂಟರಿಯಲ್ಲಿ ಪಾಸಾದೆ. ನಿನ್ನ ಮಾರ್ಕ್ಸ್ ಕಾರ್ಡಿನಲ್ಲಿ ಎರಡನ್ನೂ ಕೂಡಿಸಿ ಭಾಗಿಸಿದ್ರಾ?"

ಎರಡು ಹಾಳೆಗಳನ್ನೂ ಎತ್ತಿಕೊಂಡು ಮನೆಗೆ ಬಂದೆ. ಆ ರಾತ್ರಿ ಮೊದಲನೆಯ ಹಾಳೆಯನ್ನು ಎರಡು ಸಲ ಮಡಿಸಿದೆ, ಬಿಚ್ಚಿದೆ. ಒಂದು ಹಾಳೆ ಬಚ್ಚಿಟ್ಟರೆ ಇನ್ನೊಂದರ ಮೇಲಿನ ನಂಬಿಕೆಯೂ ಹೋಗುತ್ತದೆ ಎನ್ನಿಸಿತು. ಬೆಳಗಾಗುವ ಹೊತ್ತಿಗೆ ಮೂರನೆಯದೊಂದು ಹಾಳೆ ತೆಗೆದುಕೊಂಡು, ಅವತ್ತು ಬಡಿಸಿದ್ದು ಅವರ ಎಂದಿನ ಅಡುಗೆಯಲ್ಲ, ಆಫೀಸರು ಬರುತ್ತಾರೆಂಬ ಮರ್ಯಾದೆಗೆ ಮಾಡಿದ್ದು ಎಂದು ವಿವರವಾಗಿ, ದುಂಡಗಿನ ಅಕ್ಷರದಲ್ಲಿ ಬರೆದೆ. ಬುಧವಾರ ಸಂಘದ ಸಭೆಯಲ್ಲಿ ಮೂರನ್ನೂ ಮೇಜಿನ ಮೇಲಿಟ್ಟೆ.

ಅರುಂಧತಿ ಮೇಡಂ ವಿವರಣೆಯ ಹಾಳೆಯನ್ನು ಪೂರ್ತಿ ಓದಿದರು. ಓದಲಿಲ್ಲ ಎಂದು ನಾನು ಹೇಳಲಾರೆ.

"ಶಿವರಾಮು, ಒಬ್ಬರಿಗೆ ಮೊದಲನೇದು ಬಿಟ್ಟು ಎರಡನೇದು ಹಿಡಿದ್ರೆ ಮಿಕ್ಕವರು ಸುಮ್ಮನಿರ್ತಾರಾ?"

"ಇಲ್ಲ ಮೇಡಂ."

"ಎರಡನ್ನೂ ಕೂಡಿಸಿ ಅರ್ಧ ಮಾಡೋಣ. ಎಲ್ಲರಿಗೂ ಒಂದೇ ನ್ಯಾಯ."

ಮೇಷ್ಟ್ರು ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಮಳಿಗೆ ಮದ್ದೂರಿನ ಹೆಸರುವಾಸಿ ಹೋಟೆಲಿಗೆ ಹೋಯಿತು. ಅವರಿಗೆ ಅದು ಮೂರನೆಯ ಶಾಖೆ. ಉಳಿದ ನಾಲ್ವರಿಗೆ ವಿಷಾದದ ಪತ್ರ ಬರೆಯುವ ಕೆಲಸವೂ ನನ್ನದೇ. ದೇವಿರಮ್ಮನವರ ಪತ್ರಕ್ಕೆ ಹೆಚ್ಚಿಗೆ ಒಂದು ಸಾಲು ಸೇರಿಸಿದೆ, ಆಮೇಲೆ ಅದು ಬೇರೆಯವರಿಗೆ ಇಲ್ಲವಲ್ಲ ಎಂದು ಹೊಡೆದುಹಾಕಿ ಬೇರೆ ಕಾಗದದಲ್ಲಿ ಬರೆದೆ.

ನಾನೇ ಹೋಗಿ ಹೇಳಬೇಕು ಎಂದುಕೊಂಡವನು ದಿನಾ ಮುಂದೂಡಿದೆ. ಯುಗಾದಿ ಬಂತು. ಮರುದಿನ ಹೊಸತೊಡಕು. ಬೀದಿಯಲ್ಲಿ ಬೆಳಿಗ್ಗೆಯಿಂದಲೇ ಮಸಾಲೆ ರುಬ್ಬುವ ಸದ್ದು, ಗುಡ್ಡೆ ಹಾಕಿ ಹಂಚುವ ಮಾಂಸದ ಪಾಲಿಗೆ ಜನ. ಆ ತಗಡಿನ ಚಪ್ಪರಕ್ಕೆ ಅದೇ ಕೊನೆಯ ದಿನ. ಮನೆಯಲ್ಲಿ ಸಾರು ಇನ್ನೂ ಕುದಿಯುತ್ತಿತ್ತು. ಈಗ ಬರುತ್ತೇನೆ ಎಂದು ಹೇಳಿ ಮಳವಳ್ಳಿಯ ಬಸ್ಸು ಹತ್ತಿದೆ.

ಮಧ್ಯಾಹ್ನ ಎರಡು ದಾಟಿತ್ತು. ಗಿರಾಕಿಗಳು ಯಾರೂ ಇರಲಿಲ್ಲ, ಎಲ್ಲರೂ ಅವರವರ ಮನೆಯಲ್ಲಿದ್ದರು. ಒಂದು ಬೆಂಚು ಆಗಲೇ ಗಾಡಿಗೆ ಏರಿತ್ತು. ದೇವಿರಮ್ಮ ಒಲೆಯ ಕಲ್ಲುಗಳನ್ನು ತೆಗೆದಿರಲಿಲ್ಲ. ಚಪ್ಪರದ ಕಂಬಿಗೆ ನನ್ನ ಪತ್ರ ಸಿಕ್ಕಿಸಿತ್ತು.

"ಓದುಸ್ದೆ" ಎಂದರು, ನಾನು ಬಾಯಿ ತೆರೆಯುವ ಮೊದಲೇ. "ಅಕ್ಸರ ದುಂಡಗದೆ ಅಂದ ಕಂಡಕ್ಟ್ರು."

"ಎರಡನೇ ಸಲ ನಿಮಗೆ ನಲವತ್ತಾರು ಕೊಟ್ಟಿದ್ದೆ, ಎಲ್ಲರಿಗಿಂತ ಜಾಸ್ತಿ. ಮೊದಲನೇ ಸಲದ್ದು ಇಪ್ಪತ್ತಮೂರು. ಎರಡನ್ನೂ ಸೇರಿಸಿಬಿಟ್ಟರು."

"ಮೊದ್ಲುನೇದು ಅವ್ರಿಗೆಂಗ್ ಗೊತ್ತಾಯ್ತು?"

"ನಾನೇ ಕೊಟ್ಟೆ."

"ಯಾಕ್ ಕೊಟ್ಟೆ?"

ದಾರಿಯಲ್ಲಿ ಇದಕ್ಕೆ ಎಷ್ಟೋ ಉತ್ತರ ಸಿದ್ಧಮಾಡಿಕೊಂಡಿದ್ದೆ. "ಅದೂ ನಾನು ತಿಂದಿದ್ದೇ ಅಲ್ವಾ" ಎಂದೆ.

ಅವರು ಕೆಂಡವನ್ನು ಕಡ್ಡಿಯಿಂದ ಕೆದಕಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

"ಊಂ. ನಾನೇ ಮಾಡಿದ್ದಲ್ವಾ ಅದು" ಎಂದರು ಕೊನೆಗೆ. "ನಿನ್ನ ಆಪೀಸ್ರು ಅನ್ಕಂಡಿದ್ದು ನನ್ನ ತಪ್ಪು. ಮೂತಿ ನೋಡಾದ್ರೂ ತಿಳ್ಕಬೇಕಿತ್ತು."

"ಮುಂದೆ ಏನು ಮಾಡ್ತೀರಿ?"

"ಶಿವನಸಮುದ್ರದ ದಾರೀಲಿ ನಮ್ಮಣ್ಣನ ಜಮೀನ್ ಮೂಲೆ ಅದೆ. ಬಸ್ಸು ನಿಲ್ಲಲ್ಲ. ಕರೆಂಟಿಲ್ಲ. ಕೆಂಡಕ್ಕೆ ಕರೆಂಟ್ಯಾಕೆ ಬುಡು. ಬಸ್ಸಿಂದೇ ಯೋಚ್ನೆ."

ಬಸ್ಸು ನಿಲ್ಲದ ಕಡೆ ಅವರ ಕೋಳಿ ಯಾರು ತಿನ್ನುತ್ತಾರೆ? ಹೋಗಿಬರುತ್ತೇನೆ ಎಂದು ತಿರುಗಿದೆ. ಅವರು ಕೆಂಡದ ಮೇಲಿದ್ದ ಕೊನೆಯ ಕಂಬಿಯನ್ನು ತಿರುಗಿಸುತ್ತ, ತಲೆಯೆತ್ತದೆ ಕೇಳಿದರು.

"ಅಸ್ದಿದ್ದೀಯಾ?"

ಅಭ್ಯಾಸದಂತೆ ಯೋಚಿಸಿ ನೋಡಿದೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದದ್ದು ಬಿಟ್ಟರೆ ಏನೂ ತಿಂದಿರಲಿಲ್ಲ.

"ಹಸಿದಿದ್ದೀನಿ ಕಣಮ್ಮ" ಎಂದೆ.

"ಕೂತ್ಕ ಮತ್ತೆ" ಎಂದು, ಉಳಿದ ಒಂದೇ ಬೆಂಚನ್ನು ಕಾಲಿನಿಂದ ನನ್ನ ಕಡೆ ದೂಡಿದರು.