ಬಾವಿಯ ತಳದಲ್ಲಿ ಕಂಡದ್ದು

ಬೇಸಿಗೆ ಬಲಿತಿತ್ತು. ಮನೆಯ ಹಿಂದಿನ ಬಾವಿಯಲ್ಲಿ ಬೆಳಗಿನಿಂದ ಹೂಳೆತ್ತುವ ಕೆಲಸ ನಡೆದಿತ್ತು. ತಳದಲ್ಲಿ ತಮ್ಮ ನಿಂತು ಬುಟ್ಟಿಗೆ ಕೆಸರು ತುಂಬುತ್ತಿದ್ದ. ಮೇಲೆ ಅಕ್ಕ, ಭಾವ ರಾಟೆಯ ಹಗ್ಗ ಎಳೆದು ಸುರಿಯುತ್ತಿದ್ದರು. ಕೆದಕಿದ ಹೂಳು ಕೆಟ್ಟ ಗಾಳಿ ಬಿಡುತ್ತದೆ. ಅದಕ್ಕೇ ಊಟದ ಬಿಡುವಾದ ಮೇಲೆ ಮೊದಲು ಲಾಂದ್ರ ಇಳಿಸಬೇಕು. ಆರಿದರೆ ಯಾರೂ ಇಳಿಯಕೂಡದು.

ಹೋದ ವರ್ಷ ಇದೇ ಬಾವಿಗೆ ಲಾಂದ್ರ ಇಳಿಸದೆ ಇಳಿದ ತಮ್ಮ ತಳದಲ್ಲಿ ಎಚ್ಚರ ತಪ್ಪಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರಿಂದ ಬದುಕಿದ. ಭಾವ ಒಬ್ಬನೇ ಎಳೆದು ಹಾಕಿದ್ದ. ಕಣ್ಣು ಬಿಟ್ಟವನು ಕೇಳಿದ್ದು, “ಯಾಕೆ ಎಳೆದ್ರಿ ಭಾವ?” ಅಂತ. ಅಲ್ಲಿ ಬೆಳಕಿತ್ತಂತೆ. ತನ್ನನ್ನು ಹುಟ್ಟಿದಾಗಿನಿಂದ ಬಲ್ಲವರು ಯಾರೋ ಪಕ್ಕದಲ್ಲೇ ಇದ್ದರಂತೆ.

ಆ ಮಾತು ಭಾವನನ್ನು ಕೊರೆಯತೊಡಗಿತು. ಮೂವತ್ತು ವರ್ಷದಿಂದ ಅವನು ನಸುಕಿಗೆದ್ದು ಗ್ರಂಥ ಓದುತ್ತಿದ್ದ, ವಾರಕ್ಕೊಂದು ದಿನ ಮೌನ ಹಿಡಿಯುತ್ತಿದ್ದ. ಕಂಡದ್ದು ಮಾತ್ರ ಏನೂ ಇಲ್ಲ.

“ಕೆಸರು ಎತ್ತೋನಿಗೆ ಸಿಕ್ಕಿದ್ದು ನನಗ್ಯಾಕೆ ಸಿಗ್ಲಿಲ್ಲ?” ಎಂದು ಇವತ್ತೂ ಊಟಕ್ಕೆ ಕೂತಾಗ ಕೇಳಿದ.

“ಸಾರಿಗೆ ಉಪ್ಪು ಹಾಕಿಲ್ಲ ಅನ್ನೋದೇ ನಿಮಗೆ ಗೊತ್ತಾಗ್ಲಿಲ್ಲ, ಇನ್ನು ಅದೆಲ್ಲಿ ಗೊತ್ತಾಗುತ್ತೆ?” ಅಂದಳು ಅಕ್ಕ. ತಮ್ಮ ನಕ್ಕ. ಭಾವ ನಗಲಿಲ್ಲ, ಅರ್ಧ ಊಟಕ್ಕೇ ಎದ್ದು ಹೋದ.

ಅವರಿಬ್ಬರೂ ಕೈತೊಳೆದು ಬಂದಾಗ ಬಾವಿಕಟ್ಟೆಯ ಮೇಲೆ ಭಾವನ ಅಂಗಿ, ಕನ್ನಡಕ ಇದ್ದವು. ಗೋಡೆಯ ಕುಳಿಗಳಲ್ಲಿ ಕಾಲಿಟ್ಟು ಅವನು ಅರ್ಧದಷ್ಟು ಇಳಿದಿದ್ದ.

ತಮ್ಮ ಲಾಂದ್ರ ಹೊತ್ತಿಸಿ ಇಳಿಬಿಟ್ಟ. ಅದು ಭಾವನ ಮೊಣಕಾಲು ದಾಟಿದ್ದೇ ತಡ, ಪಕ್ಕನೆ ಆರಿತು.

“ರೀ, ನಿಮ್ಮ ದಮ್ಮಯ್ಯ, ಹತ್ತಿ!” ಅಕ್ಕ ಗಾಳಿ ಕಲಕಲೆಂದು ಕೊಡಗಟ್ಟಲೆ ನೀರು ಎರಚಿದಳು. ತಾನೇ ಇಳಿಯಲು ಸೆರಗು ಸಿಕ್ಕಿಸಿದಳು. ತಮ್ಮ ಅವಳ ರಟ್ಟೆ ಹಿಡಿದು ಹಿಂದಕ್ಕೆ ತಳ್ಳಿ, ಕುಣಿಕೆ ಹಾಕಿದ ಹಗ್ಗ ಇಳಿಸಿದ.

“ಭಾವ, ಕಂಕುಳಿಗೆ ಹಾಕ್ಕೊಳ್ಳಿ!”

“ಎಲ್ಲಯ್ಯ ಕಾಣಿಸಿದ್ದು?” ಭಾವನ ನಾಲಿಗೆ ತೊದಲುತ್ತಿತ್ತು. “ಪೂರ್ತಿ ತಳದಲ್ಲಾ?” ಒಂದು ಕಾಲು ಕೆಳಗಿನ ಕುಳಿಗಾಗಿ ತಡಕಾಡಿತು.

ಆ ಬೆಳಕು ತಮ್ಮನಿಗೆ ಇವತ್ತಿಗೂ ಕಣ್ಣು ಮುಚ್ಚಿದರೆ ಸಿಗುತ್ತಿತ್ತು. ಅದರ ಆಣೆ ಇಟ್ಟುಕೊಂಡೇ ಕುಡಿತ ಬಿಟ್ಟಿದ್ದ.

“ಏನೂ ಇರ್ಲಿಲ್ಲ ಭಾವ!” ಎಂದು ಕೂಗಿದ. “ಸುಳ್ಳು ಹೇಳ್ದೆ! ಲಾಂದ್ರ ಬಿಡದೆ ಇಳಿದೆ ಅಂತ ನೀವು ಬೈತೀರಲ್ಲ, ಅದಕ್ಕೆ ಬೆಳಕು ಗಿಳಕು ಅಂತ ಬುರುಡೆ ಬಿಟ್ಟೆ!”

ಕಾಲು ನಿಂತಿತು.

“ಅಕ್ಕನ ಆಣೆಗೂ?”

ತಮ್ಮ ಪಕ್ಕದಲ್ಲಿದ್ದ ಅಕ್ಕನನ್ನು ನೋಡಲಿಲ್ಲ. “ಅಕ್ಕನ ಆಣೆಗೂ!”

ಕೆಳಗೆ ಒಂದು ಕೈ ನಿಧಾನವಾಗಿ ಕುಣಿಕೆಯೊಳಗೆ ತೂರಿತು. ಆಮೇಲೆ ಇನ್ನೊಂದು. ಇಬ್ಬರೂ ಉಸಿರು ಕಟ್ಟಿ ಎಳೆದರು.

ಭಾವ ಕಟ್ಟೆಯ ಬುಡದಲ್ಲಿ ಬಿದ್ದುಕೊಂಡು ವಾಂತಿ ಮಾಡಿದ. ಎಷ್ಟೋ ಹೊತ್ತಿಗೆ ಮುಖಕ್ಕೆ ಬಣ್ಣ ಮರಳಿತು. “ಒಂದು ವರ್ಷ ನನ್ನ ನಿದ್ದೆ ತಿಂದ್ಯಲ್ಲೋ ಕಳ್ಳ!” ಎಂದು ಮೈದುನನ ಬೆನ್ನಿಗೆ ಗುದ್ದಿ ಗಹಗಹಿಸಿ ನಕ್ಕ. ಹಗುರಾದವನ ನಗೆ ಅದು. ಅಕ್ಕ ನಗಲಿಲ್ಲ, ತಮ್ಮನ ಮುಖವನ್ನೇ ನೋಡುತ್ತ ಕೂತಳು.

ಸಂಜೆಯೊಳಗೆ ಭಾವ ಓಣಿಗೆಲ್ಲ ಹೇಳಿಕೊಂಡು ಬಂದ. ತಮ್ಮನಿಗೆ ಬುರುಡೆ ಎಂದೇ ಹೆಸರಾಯಿತು. ಕೇಳಿದವರಿಗೆಲ್ಲ ಅವನು, “ಹೌದು, ಏನೂ ಕಂಡಿರ್ಲಿಲ್ಲ” ಅಂದ. ತನ್ನನ್ನು ಎಳೆದು ಹಾಕಿದ ಭಾವನಿಗೆ ಅವನು ಒಂದು ಜೀವದ ಸಾಲಗಾರ; ತೀರಿಸಲು ಕೊಟ್ಟ ಆ ಬೆಳಕು ಜೀವಕ್ಕಿಂತ ಕಡಿಮೆಯದು ಎಂದು ಅವನಿಗೆ ಅನ್ನಿಸಲಿಲ್ಲ.