ಚಿಕ್ಕಮ್ಮನ ಕೆಂಪು ಗೆರೆ

ನೂಲಿನ ಗಿರಣಿಯ ಕಚೇರಿಯಲ್ಲಿ ಅವಳಿಗೆ ಗೆರೆಯಮ್ಮ ಎಂದೇ ಹೆಸರು. ಇಪ್ಪತ್ನಾಲ್ಕರ ಹುಡುಗಿಯನ್ನು ಅಮ್ಮ ಅನ್ನುತ್ತಿದ್ದುದು ಗೌರವಕ್ಕಲ್ಲ, ಛೇಡಿಸುವುದಕ್ಕೆ. ಯಂತ್ರಗಳಿಂದ ಬರುವ ಅಂಕಿಗಳನ್ನು ಕೋಡ್ ಬರೆದು ಗ್ರಾಫ್ ಮಾಡುವುದು ಅವಳ ಕೆಲಸ. ನೌಕರಿ ಖಾಯಂ ಆಗಲು ಇನ್ನೊಂದೇ ತಿಂಗಳಿತ್ತು.

ಏಳನೇ ಯಂತ್ರದಲ್ಲಿ ನೂಲಿನ ಎಳೆ ವಿಪರೀತ ಕಡಿಯುತ್ತಿದೆ ಎಂದು ಮ್ಯಾನೇಜರು ಗೊಣಗಿದಾಗ ಅವಳು ಒಂದೇ ಹಾಳೆಯಲ್ಲಿ ಮೂರು ಗೆರೆ ಎಳೆದುಕೊಟ್ಟಳು. ಎಡಗಡೆಯ ಲಂಬ ಅಕ್ಷದಲ್ಲಿ ದಿನಕ್ಕೆ ಎಷ್ಟು ಎಳೆ ಕಡಿದವು ಎಂಬ ಲೆಕ್ಕ. ಬಲಗಡೆ ಎರಡು ಅಕ್ಷ: ಒಂದರಲ್ಲಿ ಶೆಡ್ಡಿನ ಗಾಳಿಯ ತೇವ, ಇನ್ನೊಂದರಲ್ಲಿ ಕೆಲಸದ ಹೆಂಗಸು ಯಂತ್ರ ಬಿಟ್ಟು ಹೊರಗೆ ಹೋದ ನಿಮಿಷ. ತೇವ ಶೇಕಡಾ ಲೆಕ್ಕವಾದ್ದರಿಂದ ಅದರ ಅಳತೆಯನ್ನು ಸೊನ್ನೆಯಿಂದ ನೂರು ಎಂದು ತಾನೇ ಬರೆದಳು. ನಿಮಿಷದ ಅಕ್ಷವನ್ನು ಕೋಡಿಗೇ ಬಿಟ್ಟಳು. ಅದಕ್ಕೇನು ಗೊತ್ತು ಪಾಪ! ಇದ್ದುದರಲ್ಲಿ ಚಿಕ್ಕದನ್ನು ತಳಕ್ಕೆ ತಳ್ಳಿ, ದೊಡ್ಡದನ್ನು ತುದಿಗೆ ಎಳೆದು ಹಾಳೆ ತುಂಬಿಸಿತು. ತೇವ ಅರವತ್ತರಿಂದ ಐವತ್ತೆರಡಕ್ಕೆ ಇಳಿದದ್ದು ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗಿತು. ಹನ್ನೆರಡು ನಿಮಿಷ ಹದಿನಾರಾದದ್ದು ಬೆಟ್ಟವಾಗಿ ಎದ್ದಿತು, ಅದೂ ಕೆಂಪು ಬಣ್ಣದಲ್ಲಿ.

"ಇಂಥ ಕೆಲಸ ಬೇಕು ನೋಡಿ!" ಎಂದರು ಮ್ಯಾನೇಜರು. "ಕರೀರಿ ಆ ಹೆಂಗಸನ್ನ."

ಏಳನೇ ಯಂತ್ರದ ಮುಂದೆ ಹತ್ತೊಂಬತ್ತು ವರ್ಷದಿಂದ ನಿಂತಿದ್ದವಳು ಗೆರೆಯಮ್ಮನ ಚಿಕ್ಕಮ್ಮ. ಅಕ್ಕ ಸತ್ತಾಗ ಐದು ವರ್ಷದ ಈ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ಸಾಕಿದವಳು, ಓದಿಸಿದವಳು. "ನಾನು ನಿನ್ನ ಚಿಕ್ಕಮ್ಮ ಅಂತ ಅಲ್ಲಿ ಬಾಯಿ ಬಿಡಬೇಡ, ನಿನ್ನ ಕೆಲಸಕ್ಕೆ ಕುತ್ತು" ಎಂದು ಮೊದಲ ದಿನವೇ ಹೇಳಿದ್ದವಳೂ ಅವಳೇ. ಗೆರೆಯಮ್ಮ ಬಹಳ ವಿಧೇಯೆ, ಬಾಯಿ ಬಿಡಲಿಲ್ಲ.

"ನೀವು ಹೊರಗೆ ಹೋದಾಗೆಲ್ಲ ಎಳೆ ಕಡಿಯತ್ತೆ," ಎಂದರು ಮ್ಯಾನೇಜರು ಚಿಕ್ಕಮ್ಮನಿಗೆ. "ನೋಡಿ, ಎರಡು ಗೆರೇನೂ ಜೊತೇಲೇ ಏರ್ತಿವೆ."

"ಗಾಳಿ ಒಣಗಿದೆ ಸಾರ್. ನೀರು ಚಿಮುಕಿಸೋ ನಳಿಗೆ ಕಟ್ಕೊಂಡಿದೆ. ಬಾಯಾರತ್ತೆ, ನೀರು ಕುಡೀತೀನಿ. ಕುಡಿದ್ಮೇಲೆ ಹೋಗ್ಲೇಬೇಕಲ್ಲ."

"ತೇವದ ಗೆರೆ ಅಲ್ಲಾಡೇ ಇಲ್ವಲ್ಲಮ್ಮ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಿಂಗಳೊಳಗೆ ಕೆಂಪು ಗೆರೆ ಇಳಿಯದಿದ್ದರೆ ಮನೆಗೆ ಹೋಗಿ ಎಂದುಬಿಟ್ಟರು.

ತಪ್ಪು ಗೆರೆಯಮ್ಮನಿಗೆ ಅಲ್ಲಿಯೇ ಹೊಳೆಯಿತು. ನಿಮಿಷದ ಅಕ್ಷ ಸೊನ್ನೆಯಿಂದ ಶಿಫ್ಟಿನ ಪೂರ್ತಿ ನಾನೂರ ಎಂಬತ್ತು ನಿಮಿಷದವರೆಗೆ ಎಂದು ಒಂದೇ ಒಂದು ಸಾಲು ಬರೆದಿದ್ದರೆ ಬೆಟ್ಟ ನೆಲಸಮವಾಗುತ್ತಿತ್ತು. ಆದರೆ ಈಗತಾನೇ ಹೊಗಳಿಸಿಕೊಂಡವಳು 'ನಾನು ತಪ್ಪಿದೆ' ಅನ್ನುವುದು ಹೇಗೆ? ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾಗುವವರು ಬೇರೆಯವರಾದರೆ ನಾಳೆ ಅನ್ನುವುದಕ್ಕೆ ಏನೂ ಕಷ್ಟವಿಲ್ಲ.

ಸಂಜೆ ಮನೆಯಲ್ಲಿ ಚಿಕ್ಕಮ್ಮ ಕೇಳಿದಳು: "ಆ ಗೆರೆ ಕೆಳಗೆ ಬರೋಕೆ ಏನು ಮಾಡ್ಬೇಕೇ?"

"ಹೊರಗೆ ಹೋಗೋದು ಕಮ್ಮಿ ಮಾಡು."

ಚಿಕ್ಕಮ್ಮ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಮೊದಲ ವಾರ ದಿನಕ್ಕೆ ಎಂಟರಿಂದ ಹತ್ತು ನಿಮಿಷ; ಕೋಡ್ ಅದನ್ನೂ ಹಿಗ್ಗಿಸಿತು, ಆ ವಾರದ ಹೊಸ ಹಾಳೆಯ ಮೇಲೂ ಅದೇ ಬೆಟ್ಟ. ಎರಡನೇ ವಾರ ಐದರಿಂದ ಆರು; ಅದೇ ಬೆಟ್ಟ. ಅಕ್ಷದ ಪಕ್ಕದ ಸಣ್ಣ ಅಂಕಿಗಳನ್ನು ಮ್ಯಾನೇಜರು ಓದುವವರಲ್ಲ, ಗೆರೆಯ ಆಕಾರ ನೋಡಿ ತಲೆ ಅಲ್ಲಾಡಿಸುವವರು. ಮೂರನೇ ವಾರ ಎರಡರಿಂದ ಮೂರು. ಚಿಕ್ಕಮ್ಮನ ತುಟಿ ಒಡೆಯಿತು. ಬಚ್ಚಲುಮನೆಯಿಂದ ಅವಳು ಉರಿಗೆ ನರಳುವುದು ಕೇಳಿಸುತ್ತಿತ್ತು. ಗೆರೆಯಮ್ಮ ರೇಡಿಯೋ ಜೋರು ಮಾಡಿದಳು.

ಕೊನೆಯ ವಾರ ಐದು ದಿನವೂ ಚಿಕ್ಕಮ್ಮ ಯಂತ್ರ ಬಿಟ್ಟು ಕದಲಲಿಲ್ಲ. ಆರನೇ ದಿನ ಗಾಳಿ ತೀರಾ ಒಣಗಿ ಎಳೆಗಳು ಸರಸರನೆ ಕಡಿಯುತ್ತಿದ್ದಾಗ, ತಡೆಯಲಾರದೆ ಓಡಿಹೋಗಿ ಒಂದು ನಿಮಿಷದಲ್ಲಿ ಬಂದಳು. ಕೋಡಿಗೆ ಅಷ್ಟೇ ಸಾಕಾಯಿತು. ಸೊನ್ನೆ ತಳದಲ್ಲಿ, ಒಂದು ತುದಿಯಲ್ಲಿ. ಐದು ದಿನ ನೆಲ ಕಚ್ಚಿದ್ದ ಕೆಂಪು ಗೆರೆ ಆರನೇ ದಿನ ನೆಟ್ಟಗೆ ನೆತ್ತಿಗೇರಿತ್ತು. ಗೆರೆಯಮ್ಮ ಆ ಹಾಳೆಯನ್ನೂ ಕೊಟ್ಟಳು.

"ಇದಕ್ಕಿಂತ ಸಾಕ್ಷಿ ಬೇಕಾ?" ಎಂದರು ಮ್ಯಾನೇಜರು. ಚಿಕ್ಕಮ್ಮನನ್ನು ಅಂದೇ ಕಳಿಸಿದರು. ಗೆರೆಯಮ್ಮನ ಖಾಯಂ ಪತ್ರ ಎರಡು ದಿನ ಬಿಟ್ಟು ಬಂತು.

ಮರುವಾರ ಫಿಟ್ಟರ್ ಬಂದು ನಳಿಗೆ ಬಿಚ್ಚಿ ತೊಳೆದ, ಎಳೆ ಕಡಿಯುವುದು ನಿಂತಿತು. ಏಳನೇ ಯಂತ್ರಕ್ಕೆ ಬಂದ ಹೊಸಬಳು ಬಲು ಚುರುಕು ಎಂದು ಕಚೇರಿಯಲ್ಲೆಲ್ಲ ಮಾತಾಯಿತು.

ಆ ಮಾತು ಚಿಕ್ಕಮ್ಮನ ಕಿವಿಗೂ ಬಿತ್ತು. "ಹೊಸಬಳು ಬಂದ್ಮೇಲೆ ಎಳೆ ಕಡಿಯೋದೇ ಇಲ್ವಂತೆ. ನಿಜವೇನೇ?"

"ಹೂಂ."

"ಹಾಗಾದ್ರೆ ತಪ್ಪು ನನ್ನದೇ. ಸುಮ್ನೆ ಗಾಳಿ ಮೇಲೆ ಹಾಕ್ದೆ. ನೀನು ಎಳೆದ ಗೆರೆ ಸುಳ್ಳಾಗತ್ತಾ?" ಚಿಕ್ಕಮ್ಮ ಒಡೆದ ತುಟಿಯನ್ನು ಸೆರಗಿನಿಂದ ಒತ್ತಿಕೊಂಡಳು. "ಆ ಒಂದು ನಿಮಿಷ ತಡ್ಕೋಬೇಕಿತ್ತು ಕಣೇ."

ಗೆರೆಯಮ್ಮ ಅವಳ ಮುಖ ನೋಡಲಿಲ್ಲ.

"ಹೌದು ಚಿಕ್ಕಮ್ಮ," ಎಂದಳು, "ತಡ್ಕೋಬೇಕಿತ್ತು."