ನಡೆದು ಹೋಗುವಷ್ಟು ದೂರದಲ್ಲಿ ಒಂದು ಪಾರ್ಕು

ಬೆಳಿಗ್ಗೆ ಅಪ್ಪನ ಎಡಗಾಲಿಗೆ ಶೂ ಹಾಕುತ್ತಿದ್ದೆ. ಲಕ್ವ ಹೊಡೆದ ಮೇಲೆ ಆ ಪಾದ ತಾನಾಗಿ ಒಳಗೆ ಹೋಗುವುದಿಲ್ಲ. ಹಿಮ್ಮಡಿಯ ಹಿಂದೆ ಚಮಚದ ಹಿಡಿ ಇಟ್ಟು ಮೆಲ್ಲಗೆ ಜಾರಿಸಬೇಕು. ಅಪ್ಪ ನನ್ನ ಹೆಗಲು ಹಿಡಿದು ಕೂತಿದ್ದರು. ಬೀದಿಯ ಕೊನೆಯ ಬಯಲಿನಿಂದ ಬೇಲಿಗೆ ಕಂಬ ಹೊಡೆಯುವ ಸದ್ದು ಕೇಳಿಸುತ್ತಿತ್ತು.

ಅಪ್ಪ ನಡೆಯುವುದು ಆ ಬಯಲಿನಲ್ಲೇ. ನಮ್ಮ ಓಣಿಯಲ್ಲಿ ಸ್ಕೂಟರ್‌ಗಳಿಗೇ ಜಾಗ ಸಾಲದು. ದಿನಾ ನಡೆಯದಿದ್ದರೆ ಕಾಲು ಮತ್ತೆ ಬಿಗಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಅಲ್ಲಿ ಮನೆಗಳು ಏಳುತ್ತವೆ.

ಮೀಟರಕ್ಕ ಬಂದದ್ದು ಆಗಲೇ. ಅವರು ಮನೆಮನೆಯ ನೀರಿನ ಮೀಟರು ಓದುವವರು. ಅವರಿಗೂ ಒಂದು ಹೆಸರಿದೆ, ಓಣಿಯಲ್ಲಿ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ.

"ಬಯಲ ಹತ್ರ ನೋಟಿಸ್ ಅಂಟಿಸಿದ್ದಾರೆ, ನೋಡಿದ್ರಾ?" ಎಂದರು.

ಅಣ್ಣ ಟೀ ಕುಡಿಯುತ್ತಿದ್ದ. ಅವನು ಟೈಲ್ಸ್ ಕೂರಿಸುವವನು. "ನೋಡೋದೇನು ಅಕ್ಕ, ಮನೆ ಕಟ್ತಾರೆ. ನಮ್ಮ ಮೇಸ್ತ್ರಿಗೇ ಕೆಲಸ ಸಿಕ್ಕಿದೆ. ನಾನು ಇನ್ನು ಕೆಲಸ ಹುಡುಕಿಕೊಂಡು ಅಲೀಬೇಕಾಗಿಲ್ಲ."

"ಕಟ್ಟಲಿ, ಯಾರು ಬೇಡ ಅಂದ್ರು? ಆದ್ರೆ ಬಡಾವಣೆ ಮಾಡೋರು ಅದರಲ್ಲೇ ಒಂದು ಭಾಗ ಪಾರ್ಕಿಗೆ ಬಿಡಬೇಕು. ಇಲ್ಲಾಂದ್ರೆ ಅದರ ಬದಲು ನಗರಸಭೆಗೆ ಶುಲ್ಕ ಕಟ್ಟಬೇಕು. ಇವರು ಜಾಗ ಬಿಡಲ್ಲ, ಶುಲ್ಕ ಕಟ್ತೀವಿ ಅಂದಿದ್ದಾರೆ. ಅದಕ್ಕೆ ಒಪ್ಪೋದಕ್ಕೆ ಮುಂಚೆ ನಗರಸಭೆ ಜನರ ಮಾತು ಕೇಳುತ್ತೆ. ಬುಧವಾರ ಸಭೆ."

"ದುಡ್ಡು ಬಂದ್ರೆ ಊರಿಗೆ ಒಳ್ಳೇದೇ ಅಲ್ವಾ?"

"ಒಳ್ಳೇದೇ. ಎಲ್ಲಿ ಖರ್ಚು ಮಾಡ್ತಾರೆ ಅಂತ ಕೇಳಿದ್ಯಾ? ಹೆದ್ದಾರಿ ಆಚೆ ಇರೋ ದೊಡ್ಡ ಪಾರ್ಕಿಗಂತೆ."

"ಮತ್ತಿನ್ನೇನು! ಅಲ್ಲಿ ಕಾರಂಜಿ ಇದೆ, ಬೆಂಚಿದೆ. ಅಪ್ಪನ್ನ ಅಲ್ಲಿಗೇ ಕರ್ಕೊಂಡು ಹೋದ್ರಾಯ್ತು. ಅಲ್ದೆ ನಾವು ಬಾಡಿಗೆ ಮನೆಯವರು. ನಮ್ಮ ಮಾತು ಯಾರು ಮೂಸಿ ನೋಡ್ತಾರೆ?"

"ಈ ಮನೆ ನಲ್ಲಿ ನೀರು ಕುಡಿಯೋದು ನೀನಾ, ನಿನ್ನ ಓನರಾ? ಇಲ್ಲಿ ಇರೋರು ಯಾರು ಬೇಕಾದ್ರೂ ಮಾತಾಡಬಹುದು. ಮನೆ ಪತ್ರ ತೋರಿಸು ಅಂತ ಯಾರೂ ಕೇಳಲ್ಲ."

"ನೀವು ಮೀಟರು ಓದಿ ಅಕ್ಕ, ನಮ್ಮ ತಲೆ ತಿನ್ನಬೇಡಿ." ಅಣ್ಣ ನಕ್ಕ. ಅವರೂ ನಕ್ಕರು. ಅಪ್ಪ ಮಾತ್ರ ಒಂದೇ ಶೂ ಹಾಕಿಕೊಂಡು ಬಾಗಿಲ ಕಡೆ ನೋಡುತ್ತಿದ್ದರು.

ಭಾನುವಾರ ಅಣ್ಣ ಹಟ ಹಿಡಿದು ನಮ್ಮನ್ನು ದೊಡ್ಡ ಪಾರ್ಕಿಗೆ ಹೊರಡಿಸಿದ. "ದಿನಾ ಆಟೋ ಆಗಲ್ಲ, ನಡೆದೇ ನೋಡೋಣ" ಎಂದ.

ಹೆದ್ದಾರಿಯಲ್ಲಿ ದಾಟುವವರ ಹಸಿರು ದೀಪ ಹತ್ತಿತು. ಅಪ್ಪ ಕೋಲೂರಿ ಇಳಿದರು. ಮೊದಲು ಬಲಗಾಲು, ಆಮೇಲೆ ಎಳೆದುಕೊಂಡು ಎಡಗಾಲು. ನಡು ರಸ್ತೆ ಮುಟ್ಟುವಷ್ಟರಲ್ಲಿ ದೀಪ ಬದಲಾಯಿತು. ಡಿವೈಡರ್ ಮೇಲೆ ನಿಂತೆವು. ಅದರ ಅಗಲ ಅಪ್ಪನ ಶೂವಿನ ಉದ್ದದಷ್ಟೂ ಇರಲಿಲ್ಲ. ಹಿಂದೆಯೂ ಮುಂದೆಯೂ ಲಾರಿಗಳು. ಗಾಳಿಗೆ ಅಪ್ಪನ ಅಂಗಿ ಪಟಪಟ ಬಡಿಯುತ್ತಿತ್ತು. ಅಣ್ಣ ಒಂದು ಕೈಯಲ್ಲಿ ಅವರ ಸೊಂಟ ಬಳಸಿ, ಇನ್ನೊಂದನ್ನು ಲಾರಿಗಳ ಕಡೆ ಚಾಚಿ ನಿಂತಿದ್ದ, ಆ ಕೈ ಅವನ್ನೆಲ್ಲ ತಡೆಯುತ್ತದೆ ಎಂಬಂತೆ.

"ಕಾರಂಜಿ ಕಾಣ್ತಾ ಇದೆಯೇನೋ?" ಅಪ್ಪ ಕೇಳಿದರು.

"ಸುಮ್ನಿರಪ್ಪ." ಅಣ್ಣ ಅವರನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಮತ್ತೆ ದೀಪ ಹತ್ತಿದಾಗ ನಾವು ಬಂದ ಕಡೆಗೇ ತಿರುಗಿದೆವು. ಸಂಜೆ ಅಣ್ಣ ತಾನಾಗಿಯೇ ಮೀಟರಕ್ಕನ ಮನೆಗೆ ಹೊರಟ. ನಾನೂ ಹೋದೆ.

"ಸಭೇಲಿ ನಾನು ಮಾತಾಡ್ತೀನಿ ಅಕ್ಕ. ಏನು ಹೇಳ್ಲಿ?"

"ಭಾಷಣ ಬೇಡ ಮಾರಾಯ. ನಿಮ್ಮ ಮನೇಲಿ ಏನಾಯ್ತು ಅಂತ ಹೇಳು, ನಿಮಗೇನು ಬೇಕು ಅಂತ ಕೇಳು. ಅಷ್ಟು ಸಾಕು."

ಬುಧವಾರ ಸಭೆಯ ಮುಂದಿನ ಸಾಲಿನಲ್ಲಿ, ಬಡಾವಣೆ ಮಾಡುವ ಬಿಲ್ಡರ್ ಪಕ್ಕದಲ್ಲೇ, ಅಣ್ಣನ ಮೇಸ್ತ್ರಿ ಕೂತಿದ್ದರು. ತಿರುಗಿ ಅವನನ್ನು ನೋಡಿದರು. "ಆ ಭಾಗದವರು ಯಾರಾದ್ರೂ ಮಾತಾಡ್ತೀರಾ?" ಎಂದು ಅಧ್ಯಕ್ಷೆ ಕೇಳಿದರು. ಅಣ್ಣ ತಲೆ ತಗ್ಗಿಸಿದ. ಅವನು ಏಳಲಿಲ್ಲ. ಅಧ್ಯಕ್ಷೆ ಮುಂದಿನ ವಿಷಯಕ್ಕೆ ಹೋಗುವುದರಲ್ಲಿದ್ದರು. ನಾನು ಎದ್ದೆ. ಎದ್ದ ಮೇಲೆ ಸುಮ್ಮನೆ ಕೂರಲು ಇನ್ನೂ ನಾಚಿಕೆಯಾಯಿತು, ಮಾತಾಡಿದೆ.

"ಮನೆ ಕಟ್ಟಬೇಡಿ ಅನ್ನಲ್ಲ. ನಮ್ಮಣ್ಣ ಟೈಲ್ಸ್ ಹಾಕೋನೇ. ಆದ್ರೆ ನಮ್ಮಪ್ಪನ ಕೈಲಿ ಹೆದ್ದಾರಿ ದಾಟೋಕಾಗಲ್ಲ. ಭಾನುವಾರ ಹೋಗಿ ನಡು ರಸ್ತೇಲಿ ಸಿಕ್ಕಿಹಾಕಿಕೊಂಡ್ವಿ. ಪಾರ್ಕಿನ ಜಾಗ ಈ ಬಯಲಲ್ಲೇ ಬಿಡಿಸಿ."

ಒಬ್ಬ ಸದಸ್ಯರು ಕೇಳಿದರು: "ನಿಮ್ಮೊಬ್ಬರ ಮನೆ ಕಷ್ಟಕ್ಕೆ ಬಡಾವಣೆ ನಕ್ಷೆ ಬದಲಾಯಿಸೋಕಾಗುತ್ತೇನಮ್ಮ? ಉಳಿದವರಿಗೆ ತೊಂದರೆ ಇದ್ದಿದ್ರೆ ಬರ್ತಿರಲಿಲ್ವಾ?"

ಖಾಲಿ ಕುರ್ಚಿಗಳನ್ನು ನೋಡಿ ಕೂತೆ. ಅಧ್ಯಕ್ಷೆ ತೀರ್ಮಾನವನ್ನು ಮುಂದಿನ ಬುಧವಾರಕ್ಕೆ ಹಾಕಿದರು.

"ಆವತ್ತು ನಾನೇ ಏಳ್ತೀನಿ," ಎಂದ ಅಣ್ಣ ಹೊರಗೆ ಬಂದು. "ಮೇಸ್ತ್ರಿ ಏನಾದ್ರೂ ಅಂದ್ಕೊಳ್ಳಲಿ."

ನೀವೂ ನಿಮ್ಮ ಬೀದಿಯ ನೋಟಿಸ್ ಓದಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಜಾಗದ ಬದಲು ಶುಲ್ಕ ಎಂದರೆ, ಆ ಹಣದ ಪಾರ್ಕು ಎಲ್ಲಿ, ಅಲ್ಲಿಗೆ ನಿಮ್ಮ ಮನೆಯ ಮಗು ನಡೆದು ಹೋಗಬಲ್ಲುದೇ, ಮುದುಕರು ಹೋಗಬಲ್ಲರೇ ಎಂದು ವಿಚಾರಿಸಿ. ಬಾಡಿಗೆಯವರೂ ಕೇಳಬಹುದು.

ನಿನ್ನೆ ನಮ್ಮ ಓಣಿಯ ಮಹಿಳಾ ಸಂಘದಲ್ಲಿ ಇಷ್ಟನ್ನೂ ಹೇಳಿ, ಬರುವವರು ಕೈ ಎತ್ತಿ ಎಂದೆ. ಯಾರೂ ತಲೆಯನ್ನೂ ಎತ್ತಲಿಲ್ಲ. ಅದಕ್ಕೇ ಓಣಿಯವರಿಗೂ ಸುತ್ತಲಿನ ಬೀದಿಯವರಿಗೂ ಬರೆದು ಕೇಳುತ್ತಿದ್ದೇನೆ. ಬುಧವಾರ ನಮ್ಮ ಜೊತೆ ಸಭೆಗೆ ಬನ್ನಿ.